ಗಟ್ಟಿ ಮೊಸರಿನ ಮೇಲೆ ಗುಳಿಗೆ

ಜೂನ್ 11, ಬುಧವಾರ

ಸಿದ್ದಲಿಂಗವ್ವನ ನಾಲಿಗೆಗೆ ಎಲುಬಿಲ್ಲ ಎಂದು ಮದುವೆಯಾದ ವರ್ಷವೇ ಗೊತ್ತಾಗಿತ್ತು. ನಾಚಿಕೆಯೂ ಇಲ್ಲ ಎಂದು ಇವತ್ತು ಗೊತ್ತಾಯಿತು. ಯಾರ ಮುಂದೆ ಹೇಳಿಕೊಳ್ಳಲಿ? ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಲಕ್ಕವ್ವನ ಮುಂದೆ ಹೇಳಿದರೆ ಸಂಜೆಯೊಳಗೆ ಇಂಡಿ ಬಸ್ ಸ್ಟ್ಯಾಂಡಿಗೆಲ್ಲ ಸುದ್ದಿ. ಅದಕ್ಕೇ ಬರೆಯಲು ಕೂತಿದ್ದೇನೆ. ಬರೆದರಾದರೂ ಈ ಹೊಟ್ಟೆಯ ಉರಿ ಸ್ವಲ್ಪ ಇಳಿದೀತು.

ವರ್ಷದಿಂದ ನಮ್ಮ ಯಜಮಾನರ ಬಲಗೈ ಸುಮ್ಮನೆ ಕೂತಾಗ ನಡುಗುತ್ತಿತ್ತು. ಹೆಜ್ಜೆ ಚಿಕ್ಕದಾಯಿತು, ದನಿ ಸಣ್ಣದಾಯಿತು. ಮುಖವಂತೂ ಗೋಡೆ. ನಕ್ಕರೋ, ಬೇಸರಪಟ್ಟರೋ ಒಂದೂ ತಿಳಿಯುವುದಿಲ್ಲ. ಇವತ್ತು ವಿಜಯಪುರದ ನರರೋಗದ ಲೇಡಿ ಡಾಕ್ಟರ್ ಬಾಯಾರಿಗೆ ತೋರಿಸಿದೆವು. ಇವರ ಅಕ್ಕ ಸಿದ್ದಲಿಂಗವ್ವ ಹೂವಿನ ಹಿಪ್ಪರಗಿಯಿಂದ ಬಂದು ಜೊತೆಗೂಡಿದ್ದಳು. ಬೇಡವೆಂದರೂ ಕೇಳಲಿಲ್ಲ.

ಪಾರ್ಕಿನ್ಸನ್ ಅಂತೆ. ಮೆದುಳಿನಲ್ಲಿ ಯಾವುದೋ ರಸ ಕಡಿಮೆಯಾಗಿದೆ, ಅದನ್ನು ತುಂಬಲು ಗುಳಿಗೆ. ಅಷ್ಟು ಹೇಳಿ ಬಾಯಾರು, "ಮಲ ಸರಿ ಹೋಗ್ತೈತೇನ್ರಿ?" ಎಂದು ಕೇಳಿದರು. ಹತ್ತು ಹನ್ನೆರಡು ವರ್ಷದಿಂದ ಅದೇ ಗೋಳು ಎಂದು ನಾನೇ ಹೇಳಿದೆ. ಆಗ ಅವರು, "ಕೆಲವರಿಗೆ ಈ ರೋಗ ಕೈ ನಡುಗೂಕಿಂತ ಎಷ್ಟೋ ವರ್ಷ ಮೊದಲ ಕರುಳಿನಾಗ ಸುರು ಆಗಿರಬಹುದು ಅಂತ ಶೋಧ ನಡದಾವ್ರಿ. ಇಂಥಾವರ ಕರುಳಿನಾಗಿನ ಬ್ಯಾಕ್ಟೀರಿಯಾನೂ ಬ್ಯಾರೆ ಇರ್ತಾವ" ಎಂದರು.

ಸಿದ್ದಲಿಂಗವ್ವನಿಗೆ ಅಷ್ಟೇ ಸಾಕಾಯಿತು. "ಹಂಗಾರ ಹೊಟ್ಟಿಯಿಂದ ಬಂದ ರೋಗ ಅನ್ರಿ. ಆ ಹೊಟ್ಟಿಗಿ ಹಾಕಿದಾಕಿ ಯಾರು?" ಎಂದು ನನ್ನ ಕಡೆ ನೋಡಿದಳು. ನಾನು ಬಿಡುವವಳೇ? "ನಿಮ್ಮವ್ವನ ಕೈಯಾಗೂ ಉಂಡಾರ್ರಿ, ಅದನ್ನೂ ಹಿಡೀರಿ" ಎಂದೆ. ಬಾಯಾರು ಚೀಟಿ ಬರೆಯುತ್ತ ಇನ್ನೂ ಏನೋ ಹೇಳುತ್ತಿದ್ದರು, ನಾವಿಬ್ಬರೂ ಹೊರಗೆ ಬರುವವರೆಗೂ ನಿಲ್ಲಿಸಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ಇವರು, ನಡುವೆ ನಾನು, ಈ ತುದಿಗೆ ಆಕೆ. ಇಡೀ ದಾರಿ ಅದೇ ರಾಗ. "ಊರ ಮಂದಿಗೆ ಮಾಡಿ ಉಳದದ್ದು ನನ್ನ ತಮ್ಮನ ಹೊಟ್ಟಿಗಿ ಹಾಕಿ ಹುಳ ಬೀಳಿಸಿದಿ" ಎಂದಳು. ಹಿಂದಿನ ಸೀಟಿನವರು ಇಣುಕಿ ನೋಡಿದರು. ಇವರು ಕಿಟಕಿಯ ಆಚೆ ಕಬ್ಬು ನೋಡುತ್ತ ಕಲ್ಲಿನ ಹಾಗೆ ಕೂತಿದ್ದರು. ಮೂವತ್ತು ವರ್ಷ ನನ್ನ ಕೈಯ ರೊಟ್ಟಿ ತಿಂದವರಿಗೆ 'ಸುಮ್ಕಿರು ಅಕ್ಕಾ' ಎನ್ನುವಷ್ಟು ಬಾಯಿ ಇರಲಿಲ್ಲವೇ? ಆಕೆಯ ಮಾತಿಗಿಂತ ಅದೇ ಹೆಚ್ಚು ಚುಚ್ಚಿತು.

ಜೂನ್ 15, ಭಾನುವಾರ

ಊರಿಗೆ ಹೋಗುವ ಮೊದಲು ಮಹಾತಾಯಿ ಸಿದ್ದಲಿಂಗವ್ವ ನನ್ನ ಖಾನಾವಳಿಯಲ್ಲೇ ನಿಂತು ಗೋಡೆಯ ಮೇಲೆ ಬರೆಸಿದ್ದನ್ನು ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಓದಿದಳು. "ಊಟ ಬಲ್ಲವನಿಗೆ ರೋಗವಿಲ್ಲ." ಓದಿ, ಗಲ್ಲಾದ ಮೇಲೆ ಕೂತ ತಮ್ಮನನ್ನು ನೋಡಿ ನಿಟ್ಟುಸಿರು ಬಿಟ್ಟಳು. ಅದರ ಮುಂದೆಯೇ 'ಮಾತು ಬಲ್ಲವನಿಗೆ ಜಗಳವಿಲ್ಲ' ಎಂದಿದೆ. ಅದು ಆಕೆಯ ಕಣ್ಣಿಗೆ ಬೀಳಲಿಲ್ಲ.

ಬದನೆಯ ಎಣಗಾಯಿ ತಿನ್ನುತ್ತಿದ್ದ ಲಿಂಬೆ ವ್ಯಾಪಾರಿ ಒಬ್ಬ ಕೈ ನಿಲ್ಲಿಸಿ, "ಏನಾಗೇತ್ರಿ ಯಜಮಾನರಿಗೆ?" ಎಂದ. ಆಕೆ, "ಹೊಟ್ಟ್ಯಾಗ ಹುಳ ಆಗಿ ತಲಿಗೆ ಏರ್ಯಾವ" ಎಂದಳು. ಆತ ಮೊಸರಿನ ಬಟ್ಟಲನ್ನು ಮುಟ್ಟದೆ ಎದ್ದು ಹೋದ.

ಜೂನ್ 19, ಗುರುವಾರ

ಕನ್ನೊಳ್ಳಿಯ ಧರ್ಮರಾಜ ಮಾಸ್ತರು ಇಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, ತಿಂಗಳ ಊಟ ನಮ್ಮಲ್ಲೇ. ಅವರನ್ನೇ ಹಿಡಿದು ಕೇಳಿದೆ. "ಬ್ಯಾಕ್ಟೀರಿಯಾ ಅಂದ್ರ ಹುಳ ಅಲ್ರಿ ಸುವರ್ಣಕ್ಕಾ. ಕಣ್ಣಿಗೆ ಕಾಣದ ಜೀವ. ಎಲ್ಲಾರ ಕರುಳಿನಾಗೂ ಇರ್ತಾವ. ಒಳ್ಳೇವೂ ಇರ್ತಾವ. ನೀವು ಹೆಪ್ಪ ಹಾಕ್ತೀರಲ್ಲಾ, ಮೊಸರ ಮಾಡೋದೂ ಅವ" ಎಂದರು.

ಕೇಳಿದಿಯಾ ಸಿದ್ದಲಿಂಗವ್ವಾ? ನನ್ನ ಗಡಿಗೆಯಲ್ಲಿರುವುದು ಒಳ್ಳೆಯವು. ಇನ್ನು ನೋಡು. ನನ್ನ ಅಡಿಗೆಯಿಂದ ಬಿದ್ದರು ಎಂದಿಯಲ್ಲ, ನನ್ನ ಅಡಿಗೆಯಿಂದಲೇ ಎಬ್ಬಿಸಿ ನಿಲ್ಲಿಸುತ್ತೇನೆ.

ಈ ಗುಳಿಗೆ ಬಹಳ ಉಷ್ಣ ಇರಬೇಕು, ನುಂಗಿದರೆ ಇವರಿಗೆ ಹೊಟ್ಟೆ ತೊಳಸುತ್ತದೆ. ಉಷ್ಣದ ಗುಳಿಗೆಯನ್ನು ಬರೀ ಹೊಟ್ಟೆಗೆ ಕೊಡುವಷ್ಟು ದಡ್ಡಿ ನಾನಲ್ಲ. ಮೊದಲು ಗಟ್ಟಿ ಮೊಸರು, ಅದರ ಮೇಲೆ ಗುಳಿಗೆ, ಆಮೇಲೆ ಮತ್ತೆ ಮೊಸರು. ನಮ್ಮವ್ವ ಜ್ವರದ ಗುಳಿಗೆಯನ್ನೂ ಹೀಗೇ ಕೊಡುತ್ತಿದ್ದಳು. ಬೆಳಿಗ್ಗೆ ಒಂದು ಲೋಟ ಎಮ್ಮೆಯ ಹಾಲು ಬೇರೆ. ಮಧ್ಯಾಹ್ನ ಮೊಳಕೆಯ ಹೆಸರುಕಾಳು, ಶೇಂಗಾ ಚಟ್ನಿಪುಡಿಯ ಹಿಂಡಿ.

ಜುಲೈ 6, ಭಾನುವಾರ

ಏನು ಮಾಡಿದರೂ ಏಳುತ್ತಿಲ್ಲ. ಇವತ್ತು ಊಟದ ಮೇಲೆ ಕೈ ತೊಳೆಯಲು ಎದ್ದವರು ಹಿತ್ತಲ ಹೊಸ್ತಿಲಲ್ಲಿ ನಿಂತುಬಿಟ್ಟರು. ಕಾಲು ನೆಲಕ್ಕೆ ಅಂಟಿದ ಹಾಗೆ. ಎಡಗಾಲು ಎತ್ತಲು ನೋಡುತ್ತಾರೆ, ಏಳುವುದಿಲ್ಲ. ಹಿಂದೆ ಗಿರಾಕಿಗಳು ಎಂಜಲು ಕೈ ಹಿಡಿದು ಸಾಲಾಗಿ ನಿಂತರು. ಬೆಂಚಿನ ಮೇಲೆ ಇನ್ನೂ ಉಣ್ಣುತ್ತಿದ್ದ ಒಬ್ಬ ನಕ್ಕ. ಅವನ ತಾಟು ಎಳೆದುಕೊಂಡು, "ನಾಳಿಂದ ಬರಬ್ಯಾಡ" ಎಂದೆ. ಅವನು ಹೇಗೂ ಬರುತ್ತಿರಲಿಲ್ಲ ಬಿಡು. ಮಧ್ಯಾಹ್ನ ಅರ್ಧ ಬೆಂಚುಗಳು ಖಾಲಿ ಇರುತ್ತವೆ ಈಗ.

ನಿನ್ನೆ ಒಬ್ಬಾಕೆ ಊಟ ಕಟ್ಟಿಸಿಕೊಳ್ಳಲು ಬಂದು, ಮೊಸರು ಬೇಡ ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಆಕೆ ಸುಳ್ಳು ಹೇಳಬೇಕಿತ್ತು, ನಾನು ಬೈಯಬೇಕಿತ್ತು.

ಇದೆಲ್ಲ ಸಾಲದು ಎಂದು ಇವರು ಮೊಸರಿನ ಬಟ್ಟಲನ್ನು ಕೈಯಿಂದ ಹಿಂದಕ್ಕೆ ಸರಿಸುತ್ತಾರೆ! ದಿನಾ ಸರಿಸುತ್ತಾರೆ. ನಾನು ದಿನಾ ಮುಂದಕ್ಕೆ ಇಡುತ್ತೇನೆ. ಅಕ್ಕನ ಮಾತು ತಲೆಗೆ ಹೊಕ್ಕಿದೆ, ನನ್ನ ಕೈಯದು ಬೇಡವಾಗಿದೆ. ಮಸಾಲೆ ಅರೆಯುವ ಯಂತ್ರ, ರೊಟ್ಟಿ ಬಡಿತ, ಗಿರಾಕಿಗಳ ಕೂಗು, ಇದರ ನಡುವೆ ಇವರ ಮುಖ ಓದುತ್ತ ಕೂರಲು ನನಗೆ ಪುರುಸೊತ್ತಿಲ್ಲ. ಉಣ್ಣಬೇಕು. ಉಣ್ಣದಿದ್ದರೆ ಏಳುವುದು ಹೇಗೆ?

ಜುಲೈ 8, ಮಂಗಳವಾರ

ಬೆಳಿಗ್ಗೆ ಬಿದ್ದರು. ಹಣೆಗೆ ಪೆಟ್ಟು. ಬೈದೆ. ಬೈದ ಮೇಲೆ ಅರಿಶಿನ ಹಚ್ಚಿದೆ.

ಜುಲೈ 28, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಇಬ್ಬರಿಗೂ ಒಪ್ಪತ್ತು. ಸಂಜೆ ಪೂಜೆ ಆಗುವವರೆಗೆ ಲಿಂಬೆಹಣ್ಣಿನ ಪಾನಕ ಬಿಟ್ಟರೆ ಏನೂ ಇಲ್ಲ. ಕಾಯಿಲೆಯವರಿಗೆ ಒಪ್ಪತ್ತು ಬೇಡ ಎಂದು ತಾಟು ಇಟ್ಟೆ, ಆ ಕಡೆ ತಳ್ಳಿದರು. ಸಾಯಲಿ ಎಂದು ಬಿಟ್ಟೆ. ಗುಳಿಗೆ ಮಾತ್ರ ನೀರಿನ ಮೇಲೆ ನುಂಗಿಸಿದೆ.

ಮಧ್ಯಾಹ್ನ ನಾನು ಕಟ್ಟಿಗೆ ಆರಿಸುತ್ತಿದ್ದಾಗ ಹಿಂದೆ ಹೆಜ್ಜೆ ಸಪ್ಪಳ. ತಿರುಗಿ ನೋಡಿದರೆ ಇವರು! ಹೊಸ್ತಿಲು ದಾಟಿ, ಹಿತ್ತಲಿಗೆ ಬಂದು, ತುಂಬಿದ ಕೊಡವನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ಒಯ್ದರು. ನೀರು ತುಳುಕಲಿಲ್ಲ. ಲಕ್ಕವ್ವ ರೊಟ್ಟಿ ಹಂಚಿನ ಮೇಲೆ ಬಿಟ್ಟು ಕೈ ಮುಗಿದಳು.

ರಾತ್ರಿ ಊಟವಾದ ಮೇಲೆ ಮತ್ತೆ ಮೊದಲಿನ ಹಾಗೆ ಮರಗಟ್ಟಿದರು.

ಆಗಸ್ಟ್ 4, ಸೋಮವಾರ

ಇವತ್ತೂ ನಡೆದರು. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಎಲೆ ಅಡಿಕೆ ತಂದರು. ಮಂಗಳವಾರದಿಂದ ನಿನ್ನೆಯವರೆಗೆ ಗಲ್ಲಾದ ಮೇಲೆ ಮೂಟೆಯ ಹಾಗೆ ಕೂತಿದ್ದವರು ಇವರೇ. ನನಗೆ ಸಂತೋಷವಾಗಬೇಕಿತ್ತು. ಭಯವಾಯಿತು.

ಆಗಸ್ಟ್ 5, ಮಂಗಳವಾರ

ಲಕ್ಕವ್ವನ ಬಾಯಿಂದ ಹೊರಟ ಸುದ್ದಿ ಬಸವನಬಾಗೇವಾಡಿ ಬಸ್ಸು ಹತ್ತಿ ಹಿಪ್ಪರಗಿಗೆ ಮುಟ್ಟಿದೆ. ಹನ್ನೊಂದಕ್ಕೆಲ್ಲ ಸಿದ್ದಲಿಂಗವ್ವ ಹಾಜರು.

"ನೋಡಿದೇನ ಸುವರ್ಣಾ? ನಿನ್ನ ಅಡಗಿ ಹೊಟ್ಟಿಗಿ ಬೀಳದ ದಿನ ನನ್ನ ತಮ್ಮ ಓಡಾಡ್ತಾನ. ಬಿದ್ದ ದಿನ ಕುಂತಲ್ಲೇ ಕುಂದರ್ತಾನ. ಇನ್ನೇನ ಸಾಕ್ಷಿ ಬೇಕ ನಿನಗ?"

ಏನು ಹೇಳಲಿ? ಆಕೆ ಹೇಳಿದ್ದನ್ನು ನಾನು ಎರಡು ಸೋಮವಾರ ನನ್ನ ಕಣ್ಣಿಂದಲೇ ನೋಡಿದ್ದೇನೆ.

"ಶ್ರಾವಣ ಮುಗಿದ ಮರುದಿನ ಗಾಡಿ ತಗೊಂಡ ಬರ್ತೇನಿ. ಅವ ನನ್ನ ಮನ್ಯಾಗ ಇರ್ಲಿ" ಎಂದು ಹೇಳಿ ಹೋದಳು. ಆಕೆ ಹೋದ ಮೇಲೆ ಇವರ ಮುಂದೆ ನಿಂತು ಕೇಳಿದೆ, "ಹೋಗ್ತೀರೇನ್ರಿ?" ಆ ಗೋಡೆಯಂಥ ಮುಖ ನನ್ನನ್ನು ನೋಡಿತು. ಅಷ್ಟರಲ್ಲಿ ಯಾರೋ "ರೊಟ್ಟಿ ತರ್ರೀ" ಎಂದು ಕೂಗಿದರು. ಹೋದೆ. ಹೂಂ ಇಲ್ಲ, ಉಹೂಂ ಇಲ್ಲ. ಹೋಗಲಿ. ಅಕ್ಕನ ಮನೆಯ ಅನ್ನ ಸಿಹಿಯಾಗಿದ್ದರೆ ಅಲ್ಲೇ ಉಣ್ಣಲಿ.

ಆಗಸ್ಟ್ 10, ಭಾನುವಾರ

ಸಿಟ್ಟಿನಲ್ಲಿ ಹಾಲಿನ ಗಡಿಗೆ ಒಡೆದೆ. ನಾನೇ ಬಳಿದೆ.

ಮಾಸ್ತರು ನೋಡಿ, "ಡಾಕ್ಟರನ್ನ ಕೇಳ್ರಿ ಅಕ್ಕಾ. ಗಡಗಿ ಏನ ಹೇಳ್ತೈತಿ?" ಎಂದರು. ಅವರ ಮೇಲೂ ರೇಗಿದೆ. ಆದರೆ ಬುಧವಾರ ಹೋಗುತ್ತೇನೆ. ಆಕೆಯಿಲ್ಲದೆ, ನಾವಿಬ್ಬರೇ.

ಆಗಸ್ಟ್ 13, ಬುಧವಾರ

ಯಾರ ಮೇಲೆ ಸಿಟ್ಟು ಮಾಡಲಿ ಎಂದು ಇವತ್ತು ತಿಳಿಯುತ್ತಿಲ್ಲ.

ಒಳಗೆ ಕೂತ ತಕ್ಷಣ ಕೇಳಿದೆ, "ಬಾಯಾರ, ನಿಜ ಹೇಳ್ರಿ. ನನ್ನ ಅಡಗಿಯಿಂದ ಬಂತೇನ್ರಿ ಇವರಿಗೆ ಇದು?"

ಬಾಯಾರು ಪೆನ್ನು ಕೆಳಗಿಟ್ಟರು. "ಯಾರ ಅಡಗಿಯಿಂದನೂ ಅಲ್ರಿ ಅಕ್ಕಾರ. ಇದು ಯಾಕ ಬರ್ತೈತಿ ಅಂತ ಇನ್ನೂ ಪೂರಾ ಯಾರಿಗೂ ಗೊತ್ತಿಲ್ಲ."

ಜಗತ್ತಿನ ಡಾಕ್ಟರರಿಗೆಲ್ಲ ಗೊತ್ತಿಲ್ಲ, ಹೂವಿನ ಹಿಪ್ಪರಗಿಗೆ ಮಾತ್ರ ಗೊತ್ತಿದೆ! ಹೀಗೆಂದು ನಗಬೇಕು ಅನ್ನಿಸಿತು, ಅಳು ಬಂತು. ಸೋಮವಾರದ ಕಥೆ ಹೇಳಿದೆ. ಮೊನ್ನೆ ಮೂರನೆಯ ಸೋಮವಾರವೂ ಹಾಗೇ ಆಯಿತು ಎಂದೆ. ಬಾಯಾರು, ಉಳಿದ ದಿನ ಗುಳಿಗೆಯನ್ನು ಹೇಗೆ ಕೊಡುತ್ತೀರಿ ಎಂದರು. ನಾನು ಹೆಮ್ಮೆಯಿಂದಲೇ ಹೇಳಿದೆ: ಗಟ್ಟಿ ಮೊಸರು, ಗುಳಿಗೆ, ಮತ್ತೆ ಮೊಸರು. ಹಾಲು, ಕಾಳು, ಹಿಂಡಿ, ಒಂದೂ ಬಿಡದೆ ಹೇಳಿದೆ.

ಬಾಯಾರು ಹಣೆ ಒತ್ತಿಕೊಂಡರು. "ಅದ ನೋಡ್ರಿ ತಪ್ಪಿದ್ದು. ಹಾಲು ಮೊಸರು ಕಾಳಿನಾಗ ಇರೂ ಪ್ರೋಟೀನಿಗೂ ಈ ಗುಳಗಿಗೂ ಕರುಳಿನಿಂದ ರಕ್ತಕ್ಕ ಹೋಗಾಕ ಒಂದ ಬಾಗಲಾ. ಮೊಸರ ಮುಂದ ನಿಂತ್ರ ಗುಳಗಿ ಹೊರಗ ಉಳೀತೈತಿ. ಇವರಿಗೆ ಮಲಬದ್ಧತೆ ಬ್ಯಾರೆ, ಹೊಟ್ಟಿ ನಿಧಾನ. ಹೊರಗ ಉಳದ ಗುಳಗೀನ ಕರುಳಿನಾಗಿನ ಕೆಲವು ಬ್ಯಾಕ್ಟೀರಿಯಾ ತಾವ ಅರಗಿಸಿಕೊಂಡಬಿಡ್ತಾವ. ಮೆದುಳಿಗೆ ಮುಟ್ಟೂದು ಎಷ್ಟ ಉಳೀತು? ಸೋಮವಾರ ಬಾಗಲಾ ಖಾಲಿ ಇತ್ತು, ಗುಳಗಿ ಹೋತು. ಅಷ್ಟ."

ಎರಡು ತಿಂಗಳು ನಾನು ಹಟದಿಂದ ತುಂಬಿಸಿಟ್ಟ ಒಂದೊಂದು ಬಟ್ಟಲೂ ಆ ಬಾಗಿಲಿಗೆ ಅಡ್ಡ ನಿಂತಿತ್ತು. ಆ ಹಣೆಯ ಪೆಟ್ಟೂ ನನ್ನ ಮೊಸರಿನದೇ. ತಡೆಯಲಾಗದೆ ಬಾಯಾರ ಮೇಲೇ ಹರಿಹಾಯ್ದೆ. "ಅವತ್ತ ಯಾಕ ಹೇಳಲಿಲ್ರಿ ಇದನ್ನ?"

"ಹೇಳೇನ್ರಿ. ಊಟಕ್ಕ ಅರ್ಧ ತಾಸ ಮೊದಲ, ಬರೀ ನೀರಾಗ, ಹಾಲು ಮೊಸರು ರಾತ್ರಿ ಊಟಕ್ಕ ಅಂತ. ಚೀಟ್ಯಾಗೂ ಬರದೇನಿ. ನೀವಿಬ್ಬರೂ ಜಗಳಾ ಮಾಡಾಕತ್ತಿದ್ರಿ."

ಆ ಚೀಟಿಯನ್ನು ಔಷಧಿ ಅಂಗಡಿಯವನು ನೋಡಿದ್ದು, ನಾನು ಬಿಚ್ಚಿ ನೋಡಿರಲಿಲ್ಲ.

ಬರುವಾಗ ಬಾಯಾರು ಇನ್ನೂ ಹೇಳಿದರು. ಮೊಸರು ಪೂರ್ತಿ ಬಿಡಿಸಬೇಡಿ, ಮೈ ಸೊರಗುತ್ತದೆ. ನೀರು, ಸೊಪ್ಪು ಹೆಚ್ಚು ಕೊಡಿ, ಹೊಟ್ಟೆ ಕಟ್ಟದಿರಲಿ. ಗುಳಿಗೆಯನ್ನು ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ. ಇದು ವಾಸಿಯಾಗುವ ರೋಗವಲ್ಲ, ಆದರೆ ಹಿಡಿತದಲ್ಲಿ ಇಡಬಹುದು. ಈ ಸಲ ಬಾಯಿ ಮುಚ್ಚಿಕೊಂಡು ಕೇಳಿದೆ.

ಆಗಸ್ಟ್ 20, ಬುಧವಾರ

ಈಗ ಮಧ್ಯಾಹ್ನ ಇವರ ತಾಟಿನಲ್ಲಿ ಎರಡು ರೊಟ್ಟಿ, ಪುಂಡಿ ಪಲ್ಯ, ತಿಳಿಸಾರು. ಮೊಸರಿಲ್ಲ, ಕಾಳಿಲ್ಲ, ಹಿಂಡಿಯಿಲ್ಲ. ಗಲ್ಲಾದ ಹತ್ತಿರವೇ ಉಣ್ಣುತ್ತಾರೆ, ಎಲ್ಲರ ಕಣ್ಣಿಗೂ ಬೀಳುತ್ತದೆ. "ಊರಿಗೆಲ್ಲಾ ಮೊಸರ, ಗಂಡಗ ಬರೇ ಸಾರು" ಎಂದು ಒಬ್ಬ ಅಂದದ್ದು ಕೇಳಿಸಿತು. ಸುಮ್ಮನೆ ಅವನಿಗೆ ಇನ್ನೊಂದು ರೊಟ್ಟಿ ಹಾಕಿ ಬಂದೆ. ಮಂದಿಗೆ ಕರುಳು, ಬಾಗಿಲು, ಬ್ಯಾಕ್ಟೀರಿಯಾ ಎಲ್ಲ ಹೇಳುತ್ತ ಕೂತರೆ ಸಾರು ಆರುತ್ತದೆ.

ನಿತ್ಯ ಸೋಮವಾರವಾಗಿದೆ ಅಂತೇನೂ ಅಲ್ಲ. ನಿನ್ನೆ ಸಂಜೆ ಗುಳಿಗೆಯ ಕಸುವು ಇಳಿದಾಗ ಮತ್ತೆ ಹೊಸ್ತಿಲಲ್ಲಿ ನಿಂತರು. ಆದರೆ ಹಗಲೆಲ್ಲ ಓಡಾಡುತ್ತಾರೆ. ಇವತ್ತು ಹಪ್ಪಳ ಒಣಗಿಸಿದ್ದನ್ನು ಕಾಗೆ ಒಯ್ಯುತ್ತಿದೆ ಎಂದು ಕೋಲು ಹಿಡಿದು ಎದ್ದರು. ಕಾಗೆ ಹೆದರಲಿಲ್ಲ. ಲಕ್ಕವ್ವ ನಕ್ಕಳು, ನಾನೂ ನಕ್ಕೆ.

ನಾಲ್ಕು ದಿನ ಉಳಿಯಿತು ಆಕೆಯ ಗಾಡಿ ಬರಲು. ಹೋಗುತ್ತೀರಾ ಎಂದು ಮತ್ತೊಮ್ಮೆ ಕೇಳಲು ನನಗೆ ಧೈರ್ಯವಿಲ್ಲ.

ಆಗಸ್ಟ್ 24, ಭಾನುವಾರ

ಬಂದಳು. ಹೊರಗೆ ಗಾಡಿ ನಿಲ್ಲಿಸಿ, ಊಟದ ಹೊತ್ತಿಗೇ ಬಂದಳು. ಇವರ ತಾಟು ನೋಡಿ ಬಾಗಿಲಲ್ಲೇ ಎದೆ ಬಡಿದುಕೊಂಡಳು.

"ಅಯ್ಯ ನನ್ನ ತಮ್ಮಾ! ಗಿರಾಕಿಗೆ ಗಡಗಿ ಗಡಗಿ ಮೊಸರ, ನಿನಗ ಇಷ್ಟ ಏನೋ? ಸಾಯಿಸಾಕ ನಿಂತಾಳೋ ಈಕಿ!"

ನಾನು, "ಅಕ್ಕಾರ, ಡಾಕ್ಟರು ಹೇಳ್ಯಾರ" ಎನ್ನುವಷ್ಟರಲ್ಲಿ ಗಡಿಗೆಗೆ ಸವಟು ಹಾಕಿ ಮೊಸರು ತೆಗೆದು ಇವರ ರೊಟ್ಟಿಯ ಮೇಲೆ ಸುರಿದೇಬಿಟ್ಟಳು.

ಇವರು ತಾಟನ್ನು ಎತ್ತಿ ನೆಲಕ್ಕೆ ಹೊಡೆದರು.

ಮೊಸರು ಆಕೆಯ ಸೀರೆಗೆ, ನನ್ನ ಕಾಲಿಗೆ ಸಿಡಿಯಿತು. ಉಣ್ಣುತ್ತಿದ್ದವರ ಕೈ ನಿಂತವು. ಲಕ್ಕವ್ವನ ರೊಟ್ಟಿ ಬಡಿತ ನಿಂತಿತು. ನಾನು ಇವರ ಮುಖ ನೋಡಿದೆ. ಹುಬ್ಬು ಗಂಟು ಹಾಕಿತ್ತು, ಮೂಗು ಅರಳಿತ್ತು. ವರ್ಷವಾಯಿತು ಆ ಮುಖದಲ್ಲಿ ಏನಾದರೂ ಕಂಡು. ಇವರಿಗೆ ಸಿಟ್ಟು ಬಂದಿತ್ತು! ನನ್ನ ಕಣ್ಣಿಗೆ ಅದಕ್ಕಿಂತ ಚೆಂದ ಇನ್ನೊಂದು ಕಾಣಲಿಲ್ಲ.

ಯಾರೂ ಉಸಿರೆತ್ತದಿದ್ದುದರಿಂದ ಆ ಸಣ್ಣ ದನಿ ಎಲ್ಲರಿಗೂ ಕೇಳಿಸಿತು. "ಅಕ್ಕಾ, ನಾ ಹಿಪ್ಪರಗಿಗಿ ಬರೂದಿಲ್ಲ. ರೋಗ ನಂದು. ಆಕೀ ಅನ್ನದ ಮ್ಯಾಲ ಹಾಕಬ್ಯಾಡ."

ಸಿದ್ದಲಿಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇಷ್ಟ ದಿನಾ ಸುಮ್ನಿದ್ದು ಇವತ್ತ ಅಂತೀ ಏನೋ?"

"ಸುಮ್ನಿದ್ದಿಲ್ಲ" ಎಂದರು.

ಆಕೆ ಅತ್ತಳು. ನೀರು ಕೊಟ್ಟೆ, ಕುಡಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಅರ್ಧ ನಂಬಿದಳು. ಉಂಡು, ಬಂದ ಗಾಡಿಯಲ್ಲೇ ಒಬ್ಬಳೇ ಹೋದಳು.

ಗಿರಾಕಿಗಳೆಲ್ಲ ಹೋದ ಮೇಲೆ ನನ್ನ ಹಳೆಯ ಸಿಟ್ಟು ಮತ್ತೆ ಎದ್ದಿತು. ನೆಲ ಬಳಿಯುತ್ತಲೇ ಕೇಳಿದೆ, "ಇವತ್ತ ಬಂತೇನ್ರಿ ಬಾಯಿ? ಅವತ್ತ ಬಸ್ಸಿನ್ಯಾಗ ನನಗ ಅಷ್ಟ ಅಂದ್ಲಲ್ಲಾ, ಅವಾಗ ಎಲ್ಲಿ ಹೋಗಿತ್ತು?"

ಇವರ ತುಟಿ ಅಲ್ಲಾಡಿತು. ಒಳಗೆ ಲಕ್ಕವ್ವ ಪಾತ್ರೆ ತಿಕ್ಕುತ್ತಿದ್ದಳು, ಏನೂ ಕೇಳಿಸಲಿಲ್ಲ. ನಿಲ್ಲಿಸು ಎಂದು ಆಕೆಗೆ ಕೂಗಿ, ಬಳಿಯುವ ಅರಿವೆ ಬಿಟ್ಟು, ಇವರ ಬಾಯಿಯ ಹತ್ತಿರ ಕಿವಿ ಇಟ್ಟು ಕೂತೆ.

"ಡಾಕ್ಟರು ಹೇಳಿದ್ದನ್ನ ನಾ ಕೇಳಿದ್ದೆ. ಮೊಸರ ಈಗ ಬ್ಯಾಡ ಅಂತ ನಿನಗ ದಿನಾ ಹೇಳೇನಿ. ನೀ ಬಟ್ಟಲ ಇಟ್ಟು ಹೋಗ್ತಿದ್ದಿ" ಎಂದರು. ಸ್ವಲ್ಪ ಉಸಿರು ತೆಗೆದುಕೊಂಡರು. "ಅವತ್ತ ಬಸ್ಸಿನ್ಯಾಗೂ ಅಂದೇನಿ. ಸುಮ್ಕಿರು ಅಕ್ಕಾ ಅಂತ. ಎರಡ ಸಲ ಅಂದೆ."

ಬಸ್ಸಿನಲ್ಲಿ ನಾನು ಇವರ ಪಕ್ಕದಲ್ಲೇ ಕೂತಿದ್ದೆ.